ಪದಕದ ಆಚೆಯ ಬದುಕು

(ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನಿಮ್ಮ ಕೊರಳನ್ನು ಪದಕ ಅಲಂಕರಿಸಿದೆ. ಅದನ್ನು ಮನೆಯಲ್ಲಿ ಎಲ್ಲಿ ಇಡಬೇಕೆಂದು ತಾಯಿತಂದೆಯರು ಈಗಾಗಲೇ ಯೋಚಿಸುತ್ತಿರಬಹುದು. ಅದು ಸಹಜವೇ. ಆದರೆ ಒಲಿಂಪಿಕ್ ಸ್ವರ್ಣಪದಕವನ್ನೇ ಕಾಲುಚೀಲಗಳ ನಡುವೆ ಇಟ್ಟಿದ್ದ ಮಹನೀಯರೊಬ್ಬರ ಬದುಕನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ಅವರು ಇಂಗ್ಲೆಂಡಿನ ರಾನ್ ಲಾರಿ. 1915ರಲ್ಲಿ ಜನಿಸಿದ ಅವರು ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಓದಿದರು. 1934ರಿಂದ 1936ರವರೆಗೆ ಸತತ ಮೂರು ವರ್ಷ ಆಕ್ಸ್‌ಫರ್ಡನ್ನು ಸೋಲಿಸಿದ ದೋಣಿಯಲ್ಲಿ ಹುಟ್ಟು ಹಾಕಿದರು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಅವರಿದ್ದ ಎಂಟು ಮಂದಿಯ ದೋಣಿಗೆ ದೊರೆತದ್ದು ನಾಲ್ಕನೆಯ ಸ್ಥಾನ. ಬರಿಗೈಯಲ್ಲಿ ಮರಳಬೇಕಾಯಿತು.

ಅನಂತರ ಅವರೂ ಗೆಳೆಯ ಜ್ಯಾಕ್ ವಿಲ್ಸನ್ ಅವರೂ ಸುಡಾನಿನಲ್ಲಿ ಬ್ರಿಟಿಷ್ ಆಡಳಿತ ಸೇವೆಗೆ ಸೇರಿದರು. 1938ರಲ್ಲಿ ಇಬ್ಬರೂ ಕೂಡಿ ಹೆನ್ಲಿಯ ಜೋಡಿ ಸ್ಪರ್ಧೆಯನ್ನು ಗೆದ್ದರು. ಅಷ್ಟರಲ್ಲಿ ಮಹಾಯುದ್ಧ ಬಂದಿತು. 1940 ಮತ್ತು 1944ರ ಒಲಿಂಪಿಕ್ಸ್ ನಡೆಯಲೇ ಇಲ್ಲ. ಕ್ರೀಡಾಪಟುವಿನ ಪಾಲಿಗೆ ಅಮೂಲ್ಯವಾದ ವರ್ಷಗಳು ಹೀಗೆ ಕಳೆದವು. 1948ರಲ್ಲಿ ಹೆನ್ಲಿಯಲ್ಲಿ ಮತ್ತೆ ಗೆದ್ದರು. ಅದೇ ವರ್ಷ, ಅದೇ ಥೇಮ್ಸ್ ನೀರಿನಲ್ಲಿ, ಒಲಿಂಪಿಕ್ ಸ್ವರ್ಣವನ್ನೂ ಪಡೆದರು.

ಅದು ಚುಕ್ಕಾಣಿಗನಿಲ್ಲದ ದೋಣಿ. ಇಬ್ಬರಿಗೂ ಒಂದೊಂದೇ ಹುಟ್ಟು. ಒಬ್ಬನ ಬಲ ಮಿಕ್ಕರೆ ದೋಣಿ ಪಕ್ಕಕ್ಕೆ ತಿರುಗುತ್ತದೆ. ತಾನೊಬ್ಬನೇ ಮೆರೆಯುವವನಿಗೆ ಅಲ್ಲಿ ಎಡೆಯಿಲ್ಲ.

ಗೆದ್ದ ಮೇಲೆ ಅವರು ಆಡಳಿತ ಸೇವೆಯನ್ನು ಬಿಟ್ಟು, ಮೂವತ್ತು ದಾಟಿದ ವಯಸ್ಸಿನಲ್ಲಿ, ವೈದ್ಯಶಾಸ್ತ್ರವನ್ನು ಕಲಿಯತೊಡಗಿದರು. ಅಧಿಕಾರಿಯಾಗಿದ್ದವರು ಪುನಃ ವಿದ್ಯಾರ್ಥಿಯಾಗುವುದು ಸುಲಭವಲ್ಲ. ಅದಕ್ಕೆ ಅಹಂಕಾರವನ್ನು ಹೊಸ್ತಿಲಾಚೆ ಬಿಡಬೇಕಾಗುತ್ತದೆ. 1954ರಲ್ಲಿ ವೈದ್ಯರಾಗಿ, ಆಕ್ಸ್‌ಫರ್ಡಿನಲ್ಲಿ ದೀರ್ಘಕಾಲ ಸಾಮಾನ್ಯ ಜನರ ಕುಟುಂಬ ವೈದ್ಯರಾಗಿದ್ದರು. 1998ರಲ್ಲಿ ನಿಧನರಾದರು.

ಅವರ ಮಗ, ದೂರದರ್ಶನ ಧಾರಾವಾಹಿಯಲ್ಲಿ ಡಾಕ್ಟರ್ ಹೌಸ್ ಪಾತ್ರದಿಂದ ಪ್ರಸಿದ್ಧರಾದ ಹ್ಯೂ ಲಾರಿ. ತಂದೆ ಒಲಿಂಪಿಕ್ ವಿಜೇತರೆಂಬುದು ಬಾಲ್ಯದಲ್ಲಿ ಬಹಳ ಕಾಲ ಅವರಿಗೇ ತಿಳಿದಿರಲಿಲ್ಲವಂತೆ!

ಉದ್ಯೋಗಕ್ಕಾಗಿ ಊರು ಬಿಟ್ಟು ಬಂದ ನಾವು ಮಕ್ಕಳ ಅಂಕಗಳಿಂದಲೇ ನಮ್ಮ ಬಾಳನ್ನು ಅಳೆಯುವುದುಂಟು. ನಾನೂ ಹಾಗೆ ಅಳೆದವನೇ. ಹಿಂದಿನ ಸಾಲಿನಲ್ಲಿ, ಸ್ವಲ್ಪದರಲ್ಲಿ ಬಹುಮಾನ ತಪ್ಪಿದ ಮಗುವೊಂದು ಕುಳಿತಿರಬಹುದು. ಮಗು, ಲಾರಿಯವರಿಗೂ ಮೊದಲು ಸಿಕ್ಕಿದ್ದು ನಾಲ್ಕನೆಯ ಸ್ಥಾನವೇ. ಪದಕ ಪಡೆದವರೇ, ನಿಮಗೂ ಒಂದು ಮಾತು: ಮುಂದೊಂದು ದಿನ ನಿಮ್ಮ ಕೆಲಸದಿಂದ ನೆಮ್ಮದಿ ಪಡೆದವರು, ನಿಮಗೆ ಪದಕ ಬಂದಿತ್ತೆಂಬುದನ್ನು ಅರಿಯದೆಯೇ ನಿಮ್ಮನ್ನು ನೆನೆಯುವಂತಾಗಲಿ.