ಅತ್ತೂರಿನ ಇಗರ್ಜಿ



ಕಾರ್ಕಳವೆಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ಬಂಡೆಯ ಮೇಲಿನ ಗೊಮ್ಮಟಮೂರ್ತಿ. 1432ರಲ್ಲಿ ವೀರಪಾಂಡ್ಯನು ಅದನ್ನು ಪ್ರತಿಷ್ಠಾಪಿಸಿದನು. 1586ರಲ್ಲಿ ಇಮ್ಮಡಿ ಭೈರವನು ಸಮೀಪದಲ್ಲಿಯೇ ಚತುರ್ಮುಖ ಬಸದಿಯನ್ನು ಕಟ್ಟಿಸಿದನು. ಇವು ಅರಸರ ಕೃತಿಗಳು. ಕಟ್ಟಿಸಿದವರ ಹೆಸರನ್ನು ಶಾಸನಗಳೇ ಹೇಳುತ್ತವೆ. ಆ ಊರಿಗೆ ಅನತಿದೂರದಲ್ಲಿ, ಪರ್ಪಲೆ ಗುಡ್ಡದ ತಪ್ಪಲಿನಲ್ಲಿ, ಇನ್ನೊಂದು ದೇವಮಂದಿರವಿದೆ. ಅದು ಅತ್ತೂರಿನ ಸಂತ ಲಾರೆನ್ಸರ ಇಗರ್ಜಿ. ಅದನ್ನು ಯಾವ ಅರಸನೂ ಕಟ್ಟಿಸಲಿಲ್ಲ.

ಗೋವೆಯಿಂದ ತೆಂಕಣಕ್ಕೆ ಬಂದು, ಕೆಳದಿಯ ನಾಯಕರ ಆಳಿಕೆಯಲ್ಲಿ ಬೇಸಾಯಕ್ಕೆ ನಿಂತ ಕೊಂಕಣಿ ಕ್ರೈಸ್ತರು ಈ ಸೀಮೆಯಲ್ಲಿ ನೆಲೆಸಿದ್ದರು. ಅವರ ಮೊದಲ ಇಗರ್ಜಿ 1759ರಲ್ಲಿ ಎದ್ದಿತು. ಅದಕ್ಕೆ ಕಾಲು ಶತಮಾನದ ಆಯುಷ್ಯವಷ್ಟೇ ಇದ್ದಿತು. ಇಂಗ್ಲಿಷರೊಡನೆ ನಡೆದ ಯುದ್ಧದಲ್ಲಿ ಕ್ರೈಸ್ತರು ಶತ್ರುಪಕ್ಷಕ್ಕೆ ನೆರವಾದರೆಂಬ ಆರೋಪದ ಮೇಲೆ, 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಯಿಸಿದನು. ಇಗರ್ಜಿಗಳು ನೆಲಸಮವಾದವು, ಅವುಗಳಲ್ಲಿ ಇದೂ ಒಂದು. ಘಟ್ಟದ ದಾರಿಯಲ್ಲಿ ಬಿದ್ದವರೆಷ್ಟೋ, ಸೆರೆಯಲ್ಲಿ ಅಳಿದವರೆಷ್ಟೋ! 1799ರಲ್ಲಿ ಸುಲ್ತಾನನು ಮಡಿದ ಮೇಲೆ ಉಳಿದವರು ಊರಿಗೆ ಮರಳಿದರು. ಹೊಲ ಪರರದಾಗಿದ್ದಿತು, ಮನೆ ಪಾಳಾಗಿದ್ದಿತು. ಆದರೂ ಪೂಜೆಗೆಂದು ಒಂದು ಹುಲ್ಲಿನ ಮಾಡನ್ನು ಅವರು ಎಬ್ಬಿಸಿದರು.

ಇಂದಿನ ನೆಲೆಯ ಕಥೆ 1839ರದು. ಹೊಸ ಇಗರ್ಜಿಗೆ ತಾಣವನ್ನರಸುತ್ತ ಪಾದ್ರಿಯೂ ಭಕ್ತರೂ ಸಂತನ ಪುಟ್ಟ ಮರದ ವಿಗ್ರಹವನ್ನು ಹೊತ್ತು ಅಲೆಯುತ್ತಿದ್ದರಂತೆ. ಪರ್ಪಲೆಯ ಬುಡದ ಒರತೆಯಲ್ಲಿ ನೀರು ಕುಡಿಯಲು ವಿಗ್ರಹವನ್ನಿಳಿಸಿದರು. ಮತ್ತೆ ಎತ್ತಹೋದರೆ ಅದು ಕದಲಲಿಲ್ಲ. ಇಲ್ಲಿಯೇ ನಿನಗೆ ಗುಡಿ ಕಟ್ಟುವೆವೆಂದು ಹರಕೆ ಹೊತ್ತ ಬಳಿಕವೇ ಎದ್ದಿತೆಂದು ಐತಿಹ್ಯ. ಚರಿತ್ರಕಾರನು ಇದನ್ನು ಪ್ರಮಾಣವೆಂದು ಒಪ್ಪಲಾರನು. ಆದರೆ ಅಲೆದು ದಣಿದ ಜನಕ್ಕೆ ಎಂತಹ ದೇವರು ಬೇಕಾಗಿದ್ದನೆಂಬುದನ್ನು ಈ ಕಥೆ ಬಲು ಚೆನ್ನಾಗಿ ಹೇಳುತ್ತದೆ: ಇನ್ನು ಕದಲೆನೆಂದು ನಿಂತುಬಿಡುವ ದೇವರು.

1900ರ ಹೊತ್ತಿಗೆ ದೊಡ್ಡ ಇಗರ್ಜಿ ಮೂಡಿತು. 2016ರಲ್ಲಿ ರೋಮಿನ ಪೀಠವು ಅದಕ್ಕೆ ಬಸಿಲಿಕದ ಪದವಿಯನ್ನಿತ್ತಿತು. ಪ್ರತಿವರ್ಷ ಜನವರಿಯಲ್ಲಿ ನಡೆಯುವ ಉತ್ಸವಕ್ಕೆ, ನಮ್ಮವರು ಸಾಂತ್‌ಮಾರಿಯೆಂದು ಕರೆಯುವ ಆ ಜಾತ್ರೆಗೆ, ಹಿಂದೂಗಳೂ ಜೈನರೂ ಮುಸಲ್ಮಾನರೂ ಬಂದು ಮೇಣದ ಬತ್ತಿ ಹಚ್ಚುತ್ತಾರೆ.

ಈ ಚರಿತ್ರೆಯನ್ನು ಹೇಳುವವನ ಮುಂದೆ ಎರಡು ಅಪಾಯಗಳಿವೆ. ನೋವನ್ನು ಮುಚ್ಚಿಡುವುದು ಒಂದು. ಅದನ್ನೇ ಹಗೆಯ ಬಿತ್ತವಾಗಿಸುವುದು ಮತ್ತೊಂದು. ಅತ್ತೂರಿನ ಜನ ಎರಡನ್ನೂ ಮಾಡಲಿಲ್ಲ. 1784ನ್ನು ಅವರು ಮರೆತಿಲ್ಲ. ಬಾಗಿಲನ್ನು ಮಾತ್ರ ಎಲ್ಲರಿಗೂ ತೆರೆದಿಟ್ಟರು.

ಸಂತ ಲಾರೆನ್ಸನು 258ರಲ್ಲಿ ರೋಮಿನಲ್ಲಿ ಪ್ರಾಣತೆತ್ತವನು. ಸಭೆಯ ನಿಧಿಯನ್ನೊಪ್ಪಿಸೆಂದು ಅಧಿಕಾರಿಯು ಕೇಳಲು, ಬಡವರನ್ನು ಕರೆತಂದು ನಿಲ್ಲಿಸಿ, ಇವರೇ ನಮ್ಮ ನಿಧಿಯೆಂದನೆಂದು ಪ್ರತೀತಿ. ಆತನ ಹೆಸರಿನ ಈ ಮಂದಿರವು ಬಿದ್ದಾಗಲೆಲ್ಲ ಮತ್ತೆ ಎದ್ದುದೂ ಆ ನಿಧಿಯ ಬಲದಿಂದಲೇ.