13 ಸಾವಿರದ ಡ್ಯಾಕ್, ಅಪ್ಪನ ಹಳೇ ಸ್ಪೀಕರ್

ಹೋದ ವಾರ ನಾಲ್ಕೈದು ಜನ ಒಂದೇ ಪ್ರಶ್ನೆ ಕಳಿಸಿದ್ರಿ: ಮನೆ ಸಿಸ್ಟಮ್‌ಗೆ ಬೇರೆ ಡ್ಯಾಕ್ ತಗೊಂಡ್ರೆ ಸೌಂಡ್ ಚೆನ್ನಾಗಾಗುತ್ತಾ? ಇದಕ್ಕೆ ನಾನು ದುಡ್ಡು ಕೊಟ್ಟು ಉತ್ತರ ಕಲಿತಿದ್ದೀನಿ.

ತುಮಕೂರಿನ ನಮ್ಮ ಮನೇಲಿ ಅಪ್ಪನ ಹಳೇ ಆಂಪ್ಲಿಫೈಯರ್, ಎರಡು ಸ್ಪೀಕರ್ ಇವೆ. ಮೊದಲು ಕ್ಯಾಸೆಟ್, ಈಗ ನನ್ನ ಹಳೇ ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜ್ಯಾಕಿಂದ ಒಂದು ವೈರು. ಯುಗಾದಿಗೆ ಹೋದಾಗ ಅಪ್ಪ ಅಂದ್ರು, "ಹಾಡಲ್ಲಿ ಪದಾನೇ ಬಿಡಿಸಿ ಕೇಳ್ಸಲ್ಲ ಕಣೋ, ಎಲ್ಲಾ ಮಂಕು." ಸಂಜೆ ಭಾವಗೀತೆ ಹಾಕ್ಕೊಂಡು ಕೂರೋದನ್ನೇ ಬಿಟ್ಟಿದ್ರಂತೆ. ಅದನ್ನ ಹೇಳಿದ್ದು ಅಮ್ಮ.

ತಪ್ಪು ಲ್ಯಾಪ್‌ಟಾಪ್‌ದು ಅಂತ ನಾನೇ ತೀರ್ಪು ಕೊಟ್ಟುಬಿಟ್ಟೆ. ಫೈಲ್‌ನಲ್ಲಿರೋ ಹಾಡು ಬರೀ ಅಂಕಿ. ಆ ಅಂಕಿಗಳನ್ನ ವೋಲ್ಟೇಜಿನ ಏರಿಳಿತ ಮಾಡೋ ಭಾಗವೇ ಡ್ಯಾಕ್. ಅದು ಫೋನಲ್ಲೂ ಇದೆ, ಟಿವಿಯಲ್ಲೂ ಇದೆ, ಬ್ಲೂಟೂತ್ ಇಯರ್‌ಬಡ್ ಒಳಗೂ ಇದೆ. ಬ್ಲೂಟೂತ್‌ನಲ್ಲಿ ಕೇಳೋರು ಫೋನಿಗೆ ಡ್ಯಾಕ್ ಸಿಕ್ಕಿಸಿದ್ರೆ ಏನೂ ಆಗಲ್ಲ. ಅಂಕಿ ಹಾಗೇ ಗಾಳೀಲಿ ಹೋಗಿ ಇಯರ್‌ಬಡ್‌ನಲ್ಲೇ ಹಾಡಾಗೋದು.

13 ಸಾವಿರದ ಡ್ಯಾಕ್ ತರಿಸಿದೆ. ಅದರ ಜೊತೆ ಯುಎಸ್‌ಬಿ ಶುದ್ಧ ಮಾಡೋ ಇನ್ನೊಂದು ಡಬ್ಬಿ ತಗೋ ಅಂತ ಆ್ಯಪ್ ಬೇರೆ ಪೀಡಿಸ್ತಿತ್ತು. ಸದ್ಯ, ತಗೊಳ್ಲಿಲ್ಲ. ಸಿಕ್ಕಿಸಿದ ತಕ್ಷಣ ಆಹಾ! ತಬಲಾ ಎದ್ದು ಬಂತು, ಕೊಳಲು ಹತ್ರ ಬಂತು. ಮೂರು ಜನಕ್ಕೆ ಫೋನ್ ಮಾಡಿ ಕೊಚ್ಚಿಕೊಂಡೆ.

ಎರಡು ದಿನ ಆದ್ಮೇಲೆ ಅನುಮಾನ ಹತ್ತಿತು. ಇಂಥ ಡ್ಯಾಕ್‌ಗಳ ಔಟ್‌ಪುಟ್ ಸಾಮಾನ್ಯವಾಗಿ 2 ವೋಲ್ಟ್. ಲ್ಯಾಪ್‌ಟಾಪ್ ಜ್ಯಾಕ್‌ದು ಸುಮಾರು 1. ದುಪ್ಪಟ್ಟು ವೋಲ್ಟೇಜ್ ಅಂದ್ರೆ 6 ಡೆಸಿಬೆಲ್ ಜೋರು. ಸ್ವಲ್ಪ ಜೋರಾದ್ರೂ ಸಾಕು, ಕಿವಿ ಅದನ್ನ 'ಜೋರು' ಅನ್ನಲ್ಲ, 'ಚೆನ್ನಾಗಿದೆ' ಅನ್ನುತ್ತೆ. ಪಕ್ಕದ ಮನೆ ಎಲೆಕ್ಟ್ರಿಷಿಯನ್ ಅಂಕಲ್ ಹತ್ರ ಮಲ್ಟಿಮೀಟರ್ ಇಸ್ಕೊಂಡು, ಒಂದೇ ಸಮ ಕೂಗೋ ಟೆಸ್ಟ್ ಟೋನ್ ಹಾಕಿ, ಸ್ಪೀಕರ್ ವೈರಿನ ಹತ್ರ ಎರಡರ ವೋಲ್ಟೇಜೂ ಸಮ ಮಾಡಿದೆ. ನಾನು ಗೋಡೆ ಕಡೆ ಮುಖ ಮಾಡಿ ಕೂತೆ. ತಂಗಿ ಹಿಂದೆ ನಿಂತು ನಾಣ್ಯ ಚಿಮ್ಮಿ, ಯಾವುದು ಬಿತ್ತೋ ಅದರಲ್ಲಿ ಹಾಡು ಹಾಕ್ತಾ ಹೋದ್ಲು. 20 ಸುತ್ತಲ್ಲಿ ನಂದು ಸರಿಯಾಗಿದ್ದು 11. ಕಿವಿಗೆ ಹತ್ತಿ ಇಟ್ಕೊಂಡು ಊಹಿಸಿದ್ರೂ 10 ಬರ್ತಿತ್ತು.

ನನ್ನ ಕಿವೀನೇ ಸರಿಯಿಲ್ಲ ಅಂತೀರಾ? 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೋರನ್ ಒಂದು ಪರೀಕ್ಷೆ ಪ್ರಕಟಿಸಿದ್ರು. ಅದು ಡ್ಯಾಕ್ ಬಗ್ಗೆ ಅಲ್ಲ, ಹೈ-ರೆಸ್ ಬಗ್ಗೆ. ಹೈ-ರೆಸ್ ಡಿಸ್ಕಿನ ಸಂಗೀತ ಒಂದು ಕಡೆ, ಅದನ್ನೇ ಸಿಡಿ ಮಟ್ಟಕ್ಕೆ, ಅಂದ್ರೆ 16 ಬಿಟ್, 44.1 ಕಿಲೋಹರ್ಟ್ಸ್‌ಗೆ ಇಳಿಸಿದ್ದು ಇನ್ನೊಂದು ಕಡೆ. 554 ಸಲ ಕೇಳಿಸಿದ್ರಲ್ಲಿ ಸರಿ ಉತ್ತರ 276. ಅರ್ಧಕ್ಕಿಂತ ಒಂದು ಕಮ್ಮಿ!

ಡ್ಯಾಕ್ ದಂಡ ಅಂತಲ್ಲ. ಲ್ಯಾಪ್‌ಟಾಪ್ ಹಚ್ಚಿದಾಗ ಸ್ಪೀಕರ್ ಗುಂಯ್ ಅಂದ್ರೆ, ಅಥವಾ ಟಿವಿಯಲ್ಲಿ ಆಪ್ಟಿಕಲ್ ಔಟ್‌ಪುಟ್ ಮಾತ್ರ ಇದ್ದು ಆಂಪ್ ಹಳೇದಾಗಿದ್ರೆ, ತಗೊಳ್ಳಿ. ಆ ಕೆಲಸಕ್ಕೆ ಸಾಧಾರಣ ಬೆಲೇದೇ ಸಾಕು.

ಅಪ್ಪನ್ನೂ ಟೆಸ್ಟಿಗೆ ಕೂರಿಸಿದ್ವಿ. "ಎರಡೂ ಮಂಕೇ" ಅಂದ್ರು. ಆಮೇಲೆ ನಾನು ಮೊದಲು ನೋಡಬೇಕಾಗಿದ್ದನ್ನ ನೋಡಿದೆ. ಸ್ಪೀಕರ್‌ಗಳು ನೆಲದ ಮೇಲಿದ್ವು, ಅಮ್ಮನ ಕ್ರೋಶಾ ಕವರ್ ಹೊದ್ದುಕೊಂಡು! ಕವರ್ ತೆಗೆದು, ಕಿವಿ ಎತ್ತರಕ್ಕೆ ಸ್ಟೂಲ್ ಮೇಲಿಟ್ಟೆ. ತಾರಸ್ವರ ಬಾಸ್ ಥರ ರೂಮೆಲ್ಲಾ ಹರಡಲ್ಲ, ನೆಟ್ಟಗೆ ಮುಂದಕ್ಕೆ ಹೋಗುತ್ತೆ. ಖರ್ಚು ಸೊನ್ನೆ. ಈ ಸಲ ನಂಗೆ ವ್ಯತ್ಯಾಸ ಹೇಳೋಕೆ ನಾಣ್ಯ ಬೇಕಾಗ್ಲಿಲ್ಲ. ಅಪ್ಪ ಮಾತ್ರ, "ಒಂಚೂರು ವಾಸಿ" ಅಂದ್ರು, ಅಷ್ಟೆ.

ತಂಗಿ ಅಡುಗೆಮನೇಲಿ ಮೆಲ್ಲಗೆ ಅಂದ್ಲು, "ಅಣ್ಣ, ವಾಷಿಂಗ್ ಮಷಿನ್ ಬೀಪ್ ಅಂದ್ರೂ ಅಪ್ಪಂಗೆ ಗೊತ್ತಾಗಲ್ಲ."

ಆಡಿಯೋಗ್ರಾಮ್ ಮಾಡಿಸಿದ್ವಿ. ಗೆರೆ 3 ಕಿಲೋಹರ್ಟ್ಸ್‌ವರೆಗೂ ಪರವಾಗಿಲ್ಲ, ಆಮೇಲೆ ಜಾರುಬಂಡಿ. ವಯಸ್ಸಾದಾಗ ಕಿವಿ ಮೊದಲು ಕಳ್ಕೊಳ್ಳೋದು ಆ ಕಡೇನೇ. 'ಸ', 'ಶ' ಥರದ ಅಕ್ಷರಗಳು ಇರೋದೂ ಅಲ್ಲೇ. ಪದ ಬಿಡಿಸಿ ಕೇಳ್ಸಲ್ಲ ಅಂತ ಅಪ್ಪ ಸರಿಯಾಗೇ ಹೇಳಿದ್ರು. ನಾನು ಅವರ ಮಾತು ಬಿಟ್ಟು ರಿವ್ಯೂ ವಿಡಿಯೋ ಕೇಳಿದ್ದೆ.

ಡ್ಯಾಕ್ ವಾಪಸ್ ಮಾಡೋ ಗಡುವು ದಾಟಿತ್ತು. ಸೆಕೆಂಡ್‌ಹ್ಯಾಂಡ್ 9,500ಕ್ಕೆ ಹೋಯ್ತು. ಬಿಕಾಂ ಓದಿದವನ ಲೆಕ್ಕ: 3,500 ಲಾಸ್. ಬಂದ ದುಡ್ಡು ಹಿಯರಿಂಗ್ ಏಡ್ ಲೆಕ್ಕಕ್ಕೆ ಸೇರ್ತು. ಅದರೊಳಗೂ ಧ್ವನಿ ಅಂಕಿಯಾಗಿ, ಮತ್ತೆ ಧ್ವನಿಯಾಗಿ ಹೊರಗೆ ಬರುತ್ತೆ. ಅಂದ್ರೆ ಕೊನೆಗೂ ನಮ್ಮನೇಗೆ ಒಂದು ಡಿಜಿಟಲ್ ಡಬ್ಬಿ ಬೇಕೇ ಆಗಿತ್ತು.

ಹಾಕ್ಕೊಂಡ ಮೊದಲ ದಿನ ಅಪ್ಪ ಹಾಡು ಕೇಳ್ಲೇ ಇಲ್ಲ. ಪೇಪರ್ ಮಡಚಿದ್ರು, ಸರಸರ ಸದ್ದು ಕೇಳಿ ಒಂದು ಕ್ಷಣ ನಿಂತ್ರು, ಮತ್ತೆ ಬಿಚ್ಚಿ ಇನ್ನೊಂದು ಸಲ ಮಡಚಿ ನೋಡಿದ್ರು.

ಕಾರ್ಟ್‌ನಲ್ಲಿ ಡ್ಯಾಕ್ ಇಟ್ಕೊಂಡಿರೋರು ಯಾರದ್ದಾದ್ರೂ ಒಂದು ಎರವಲು ತಂದು, ನಾಣ್ಯದ ಟೆಸ್ಟ್ ಮಾಡಿ. 20ಕ್ಕೆ ಎಷ್ಟು ಬಂತು ಅಂತ ವಾಯ್ಸ್ ನೋಟ್ ಕಳಿಸಿ. 16 ದಾಟಿದೋರನ್ನ ಮುಂದಿನ ವಾರ ಮಾತಾಡಿಸ್ತೀನಿ.