ರೈಹಾನ್ ಎಂಬ ಹೆಸರಿನ ಹಿಂದೆ

(ಅಂತರಸನಹಳ್ಳಿಯಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಹೆಸರುಗಳ ಬಗ್ಗೆ ನಾಲ್ಕು ಮಾತು ಆಡಿ ಎಂದು ಸಂಘದವರು ಹೇಳಿದರು. ಎಲ್ಲ ಹೆಸರುಗಳ ಬಗ್ಗೆ ಹೇಳಹೊರಟರೆ ಈ ರಾತ್ರಿ ಸಾಲದು. ಆದ್ದರಿಂದ ಒಂದೇ ಹೆಸರನ್ನು ಆರಿಸಿಕೊಂಡಿದ್ದೇನೆ. ಅದು ರೈಹಾನ್. ನಮ್ಮ ಶಾಲೆಗಳ ಕೆಳಗಿನ ತರಗತಿಗಳಲ್ಲಿ ಹಾಜರಿ ಕೂಗುವಾಗ ಈ ಹೆಸರು ಮತ್ತೆ ಮತ್ತೆ ಬರುತ್ತದೆ. ಆದರೆ, 'ನಿನ್ನ ಹೆಸರಿನ ಅರ್ಥ ಏನಪ್ಪಾ?' ಎಂದು ಕೇಳಿದರೆ ಮಗು ತಾಯಿಯ ಮುಖ ನೋಡುತ್ತದೆ. ತಾಯಿ, 'ಕೇಳೋಕೆ ಚೆನ್ನಾಗಿತ್ತು, ಇಟ್ವಿ ಸಾರ್' ಎನ್ನುತ್ತಾರೆ. ಕೇಳಲು ಚೆನ್ನಾಗಿದೆ, ನಿಜ. ಆದರೆ ಆ ಹೆಸರಿನೊಳಗೆ ಏನಿದೆ ಎಂದು ತಿಳಿದರೆ ಇನ್ನೂ ಚೆನ್ನಾಗಿರುತ್ತದೆ.

ರೈಹಾನ್ ಅರಬ್ಬಿ ಪದ. ಸುವಾಸನೆಯುಳ್ಳ ಗಿಡ ಎಂಬುದು ಅದರ ಅರ್ಥ. ಇದು ರೂಹ್, ರಾಹತ್ ಎಂಬ ಪದಗಳ ಕುಟುಂಬಕ್ಕೆ ಸೇರಿದ್ದು. ರೂಹ್ ಎಂದರೆ ಪ್ರಾಣ, ರಾಹತ್ ಎಂದರೆ ನೆಮ್ಮದಿ. ಗಾಳಿಗೆ ಅರಬ್ಬಿಯಲ್ಲಿ ರೀಹ್ ಎನ್ನುತ್ತಾರೆ. ಉಸಿರು, ಗಾಳಿ, ನೆಮ್ಮದಿ, ಪರಿಮಳ ಎಲ್ಲವೂ ಒಂದೇ ಬೇರಿನಿಂದ ಹುಟ್ಟಿದವು.

ಪವಿತ್ರ ಕುರ್‌ಆನಿನಲ್ಲಿ ಈ ಪದ ಎರಡು ಕಡೆ ಬಂದಿದೆ. ಸೂರಾ ಅರ್‌ರಹ್ಮಾನ್‌ನ 12ನೇ ಆಯತ್‌ನಲ್ಲಿ ಧಾನ್ಯದ ಜೊತೆಗೆ, ಭೂಮಿಯ ಮೇಲಿನ ಅನುಗ್ರಹಗಳಲ್ಲಿ ಒಂದಾಗಿ ಬರುತ್ತದೆ. ಸೂರಾ ವಾಖಿಅದ 89ನೇ ಆಯತ್‌ನಲ್ಲಿ ಅಲ್ಲಾಹನಿಗೆ ಹತ್ತಿರವಾದವರಿಗೆ ಸಿಗುವ ಸುಖದ ಮಾತಿನಲ್ಲಿ ಬರುತ್ತದೆ. ಪ್ರವಾದಿಯವರು ತಮ್ಮ ಮೊಮ್ಮಕ್ಕಳಾದ ಹಸನ್ ಮತ್ತು ಹುಸೇನರನ್ನು ಈ ಲೋಕದಲ್ಲಿ ತಮ್ಮ ರೈಹಾನ್‌ಗಳೆಂದು ಕರೆದ ವಿಷಯ ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ಮಗುವಿಗೆ ಈ ಹೆಸರಿಡುವ ತಾಯಿ ತಂದೆ ತಿಳಿದೋ ತಿಳಿಯದೆಯೋ ಆ ವಾತ್ಸಲ್ಯವನ್ನೇ ನೆನೆಯುತ್ತಾರೆ.

ಈಗ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ. ರೈಹಾನ್ ಗಿಡವನ್ನು ನೀವು ನೋಡಿದ್ದೀರಾ? ಇಲ್ಲ ಎನ್ನಬೇಡಿ. ರಮಜಾನ್ ತಿಂಗಳಲ್ಲಿ ಶರಬತ್ತಿಗೆ ಹಾಕುವ, ನೀರಿನಲ್ಲಿ ನೆನೆದು ಲೋಳೆ ಕಟ್ಟುವ ಕಪ್ಪು ಬೀಜ ಇದೆಯಲ್ಲ, ನಾವು ಸಬ್ಜಾ ಎನ್ನುತ್ತೇವಲ್ಲ, ಅದು ಈ ಗಿಡದ ಬೀಜವೇ. ಯೂನಾನಿ ಹಕೀಮರು ಅದನ್ನು ತುಖ್ಮೆ ರೈಹಾನ್ ಎನ್ನುತ್ತಾರೆ. ಕನ್ನಡದಲ್ಲಿ ಆ ಗಿಡದ ಹೆಸರು ಕಾಮಕಸ್ತೂರಿ. ತುಳಸಿಯ ಹತ್ತಿರದ ಬಂಧು. ಸಸ್ಯಶಾಸ್ತ್ರದವರು ಎರಡನ್ನೂ ಒಂದೇ ಕುಲಕ್ಕೆ ಸೇರಿಸುತ್ತಾರೆ. ಅಂದರೆ ಅರಬ್ಬಿಯಲ್ಲಿ ದೂರದ್ದೆಂದು ಕೇಳಿಸುವ ಈ ಹೆಸರು ನಮ್ಮ ಹಿತ್ತಲಲ್ಲೇ ಬೆಳೆಯುತ್ತದೆ. ಕನ್ನಡದವರು ಮಗಳಿಗೆ ತುಳಸಿ, ಕಸ್ತೂರಿ ಎಂದು ಹೆಸರಿಟ್ಟ ಹಾಗೆಯೇ ಇದೂ.

ಎಲ್ಲ ಊರಿನಲ್ಲೂ ಇದು ಒಂದೇ ಗಿಡವಲ್ಲ. ಇರಾನ್ ಮತ್ತು ಟರ್ಕಿಯಲ್ಲಿ ರೈಹಾನ್ ಎಂದರೆ ಕಾಮಕಸ್ತೂರಿ. ಅರಬ್ಬರು ಸ್ಪೇನಿಗೆ ಹೋದಾಗ ಅಲ್ಲಿ ಇನ್ನೊಂದು ಪರಿಮಳದ ಪೊದೆಗೆ ಈ ಹೆಸರು ಅಂಟಿಕೊಂಡಿತು. ಇಂದಿಗೂ ಸ್ಪೇನಿನ ಭಾಷೆಯಲ್ಲಿ ಆ ಪೊದೆಗೆ ಅರ್ರಯಾನ್ ಎನ್ನುತ್ತಾರೆ. ಗ್ರನಾಡಾದ ಅಲ್‌ಹಂಬ್ರಾ ಅರಮನೆಯ ಒಂದು ಅಂಗಳಕ್ಕೆ ಅದರದೇ ಹೆಸರಿದೆ. ಅರಬ್ಬಿ ಸುಂದರ ಬರವಣಿಗೆಯ ಆರು ಪ್ರಸಿದ್ಧ ಶೈಲಿಗಳಲ್ಲಿ ಒಂದರ ಹೆಸರು ರೈಹಾನಿ. 973ರಲ್ಲಿ ಹುಟ್ಟಿದ, ಸಂಸ್ಕೃತ ಕಲಿತು ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದ ವಿದ್ವಾಂಸ ಅಲ್‌ಬಿರೂನಿಯನ್ನು ಅಬೂ ರೈಹಾನ್ ಎಂದು ಕರೆಯುತ್ತಿದ್ದರು.

ಅಷ್ಟು ದೂರ ಹೋಗುವುದೂ ಬೇಡ. ನಾವು ಕುಳಿತಿರುವ ಈ ಜಾಗದಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಒಂದು ಗಂಟೆಯ ಹಾದಿಯಲ್ಲಿ ಶಿರಾ ಸಿಗುತ್ತದೆ. ಶಿರಾ ಕೋಟೆಯನ್ನು ಕಟ್ಟಲು ಆರಂಭಿಸಿದವನು ರತ್ನಗಿರಿಯ ಪಾಳೆಯಗಾರ ಕಸ್ತೂರಿ ರಂಗಪ್ಪ ನಾಯಕ. 1638ರ ಸುಮಾರಿಗೆ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಊರನ್ನು ಗೆದ್ದುಕೊಂಡ. ಆಮೇಲೆ ಬಿಜಾಪುರದ ಪರವಾಗಿ ಅಲ್ಲಿ ಆಡಳಿತ ನಡೆಸಿದವರಲ್ಲಿ ಹೆಸರಾದವರು ಮಲಿಕ್ ರಿಹಾನ್. ಮಲಿಕ್ ಎಂಬುದು ಬಿರುದು, ರಿಹಾನ್ ಎಂಬುದು ನಮ್ಮ ಇದೇ ಹೆಸರು. 1651ರ ಅವರ ಗೋರಿ ಶಿರಾದಲ್ಲಿದೆ. ಜನ ಅದನ್ನು ದರ್ಗಾ ಎಂದೇ ಕರೆಯುತ್ತಾರೆ. ಒಂದೇ ಊರು ನೋಡಿ, ಅಡಿಪಾಯ ಹಾಕಿದ ನಾಯಕನ ಹೆಸರಿನಲ್ಲಿ ಕಸ್ತೂರಿ, ಆಮೇಲೆ ಬಂದ ಅಧಿಕಾರಿಯ ಹೆಸರಿನಲ್ಲಿ ಕಾಮಕಸ್ತೂರಿ. ಮುಂದಿನ ಸಲ ಶಿರಾ ದಾಟುವಾಗ ಬಸ್ಸಿನಿಂದ ಇಳಿದು ನೋಡಿ. 1696ರಲ್ಲಿ ಕಟ್ಟಿದ ಜಾಮಿಯಾ ಮಸೀದಿಯೂ ಅಲ್ಲೇ ಇದೆ.

ಈ ಹೆಸರಿನ ಚರಿತ್ರೆಯಲ್ಲಿ ನೋವಿನ ಒಂದು ಎಳೆಯೂ ಇದೆ. ಅದನ್ನು ಮುಚ್ಚಿಡಬಾರದು. ಹಿಂದಿನ ಕಾಲದಲ್ಲಿ ಗುಲಾಮರಿಗೆ ಸುಗಂಧ ದ್ರವ್ಯಗಳ, ರತ್ನಗಳ ಹೆಸರಿಡುವ ಪದ್ಧತಿ ಇತ್ತು. ಕಾಫೂರ್ ಎಂದರೆ ಕರ್ಪೂರ, ಅಂಬರ್ ಎಂದರೆ ಒಂದು ಸುಗಂಧ ವಸ್ತು, ಯಾಕೂತ್ ಎಂದರೆ ಮಾಣಿಕ್ಯ. ರೈಹಾನ್ ಕೂಡ ಆ ಸಾಲಿನ ಹೆಸರು. ತಂದೆ ತಾಯಿ ಇಟ್ಟ ಹೆಸರನ್ನು ಕಳೆದುಕೊಂಡ ಹುಡುಗನಿಗೆ ಕೊಂಡವನು ಇಂಥ ಹೆಸರು ಕೊಡುತ್ತಿದ್ದ. ಆದರೆ 1311ರಲ್ಲಿ ದ್ವಾರಸಮುದ್ರದ ಬಾಗಿಲಿಗೆ ದಂಡಯಾತ್ರೆ ಬಂದ ದೆಹಲಿಯ ಸೇನಾಪತಿ ಮಲಿಕ್ ಕಾಫೂರ್ ಅಂಥವನೇ. ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಅಹಮದ್‌ನಗರದ ರಾಜ್ಯವನ್ನೇ ನಡೆಸಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಕೂಡ ಅಂಥವನೇ. ದೆಹಲಿಯಲ್ಲಿ 1253ರಲ್ಲಿ ಬಲ್ಬನನನ್ನೇ ಬದಿಗೆ ಸರಿಸಿ ಸ್ವಲ್ಪ ಕಾಲ ಅಧಿಕಾರ ಹಿಡಿದವನ ಹೆಸರು ಇಮಾದುದ್ದೀನ್ ರೈಹಾನ್. ವಿದ್ಯಾರ್ಥಿಗಳೇ, ಇದರಿಂದ ತಿಳಿಯಬೇಕಾದದ್ದು ಇಷ್ಟೇ. ಹೆಸರನ್ನು ಬೇರೆಯವರು ಕೊಡುತ್ತಾರೆ, ಅದರ ಬೆಲೆಯನ್ನು ಹೊತ್ತವನು ಕಟ್ಟುತ್ತಾನೆ. ಗುಲಾಮರಿಗೆ ಇಡುತ್ತಿದ್ದ ಹೆಸರನ್ನು ಇಂದು ನಾವು ಮನೆಯ ಮೊದಲ ಮಗನಿಗೆ ಆಸೆಪಟ್ಟು ಇಡುತ್ತಿದ್ದೇವೆ.

ಈ ಆಸೆ ಯಾವಾಗಿನಿಂದ? ನಮ್ಮ ಅಜ್ಜಂದಿರ ಕಾಲದ ದಾಖಲಾತಿ ಪುಸ್ತಕ ತೆರೆದರೆ ದಸ್ತಗೀರ್, ಬುಡೇನ್ ಸಾಬ್, ಖಾಸಿಂ, ಮೆಹಬೂಬ್ ಪಾಷಾ ಸಿಗುತ್ತಾರೆ. ಬಹಳಷ್ಟು ಹೆಸರುಗಳು ಔಲಿಯಾಗಳ ನೆನಪಿನವು. ಟಿಪ್ಪು ಸುಲ್ತಾನರ ಹೆಸರೇ ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಅವರಿಂದ ಬಂದದ್ದು. ಹೆಂಗಸರಲ್ಲಿ ಖೈರುನ್ನೀಸಾ, ಜೈತೂನ್ ಬೀ, ಪ್ಯಾರೀಜಾನ್. ಆಮೇಲೆ ಮೊದಲು ಬಂದದ್ದು ರೈಹಾನ್ ಅಲ್ಲ, ಅದರ ಹೆಣ್ಣು ರೂಪವಾದ ರೆಹಾನಾ. ಗಾಂಧೀಜಿಗೆ ಉರ್ದು ಕಲಿಸಿದ ರೈಹಾನಾ ತಯ್ಯಬ್‌ಜಿ ಇದ್ದರು. 1951ರ 'ಸಗಾಯಿ' ಚಿತ್ರದ ನಾಯಕಿ ರೆಹಾನಾ ಇದ್ದರು. ನಿಮ್ಮಲ್ಲಿ ಎಷ್ಟು ಜನರಿಗೆ ರೆಹಾನಾ ಖಾಲಾ, ರೆಹಾನಾ ಫುಪ್ಪು ಇಲ್ಲ ಹೇಳಿ? ಗಂಡು ರೂಪ ನಮ್ಮ ಕಡೆ ಮನೆಮಾತಾದದ್ದು ತೀರಾ ಈಚೆಗೆ. ಉದ್ದ ಹೆಸರುಗಳ ಬದಲು ಎರಡಕ್ಷರ, ಮೂರಕ್ಷರದ ಹೆಸರು ಬೇಕೆನ್ನುವ ಕಾಲ ಬಂತು. 2006ರಲ್ಲಿ ಬಂದ 'ಫನಾ' ಚಿತ್ರದಲ್ಲಿ ಆಮಿರ್ ಖಾನ್ ಪಾತ್ರದ ಹೆಸರು ರೆಹಾನ್. ಅದನ್ನು ನೋಡಿ ಇಟ್ಟವರೂ ಇದ್ದಾರೆ. ಸಿನಿಮಾ ನೋಡಿ ಹೆಸರಿಡುವುದು ತಪ್ಪಲ್ಲ. ಅರ್ಥ ತಿಳಿಯದೆ, ಕಾಗುಣಿತ ತಿಳಿಯದೆ ಇಡುವುದರಿಂದ ಮಾತ್ರ ತೊಂದರೆ.

ಆ ತೊಂದರೆ ಏನೆಂದು ಹೇಳುತ್ತೇನೆ. ಉರ್ದುವಿನಲ್ಲಿ ಈ ಹೆಸರನ್ನು ರೇ, ಯೇ, ಬಡೀ ಹೇ, ಅಲಿಫ್, ನೂನ್ ಎಂದು ಬರೆಯಬೇಕು. ಬಡೀ ಹೇ ಬದಲು ಛೋಟೀ ಹೇ ಹಾಕಿ, ಯೇ ಬಿಟ್ಟರೆ ಅದು ರಿಹಾನ್ ಆಗುತ್ತದೆ. ಅರಬ್ಬಿಯಲ್ಲಿ ಅದರ ಅರ್ಥ ಅಡವಿಟ್ಟ ವಸ್ತುಗಳು! ಅಡಮಾನ ಪತ್ರಕ್ಕೆ ಉರ್ದುವಿನಲ್ಲಿ ರಹನ್‌ನಾಮಾ ಎನ್ನುವುದು ಇದರಿಂದಲೇ. ಪರಿಮಳ ಇರಬೇಕಾದ ಕಡೆ ಸಾಲ ಬಂದು ಕೂರುತ್ತದೆ. ರಯ್ಯಾನ್ ಎಂಬುದು ಬೇರೆಯೇ ಹೆಸರು. ಉಪವಾಸಿಗರು ಪ್ರವೇಶಿಸುವ ಸ್ವರ್ಗದ ಬಾಗಿಲಿನ ಹೆಸರು ಅದು, ದಾಹ ತಣಿದವನು ಎಂದು ಅದರ ಅರ್ಥ. ಎರಡೂ ಒಳ್ಳೆಯ ಹೆಸರುಗಳೇ, ಆದರೆ ಎರಡೂ ಒಂದೇ ಅಲ್ಲ.

ಕನ್ನಡದಲ್ಲಿ ಇರುವುದು ಒಂದೇ ಹ. ಆದ್ದರಿಂದ ಕನ್ನಡದಲ್ಲಿ ಬರೆಯುವಾಗ ಮೊದಲ ಅಕ್ಷರದ ಮೇಲೆ ಗಮನ ಇರಲಿ. ಒಬ್ಬರು ರಿ ಬರೆಯುತ್ತಾರೆ, ಒಬ್ಬರು ರೆ, ಇನ್ನೊಬ್ಬರು ರೇ, ಮತ್ತೊಬ್ಬರು ರೈ. ಇಂಗ್ಲಿಷಿನಲ್ಲೂ ಹಾಗೆಯೇ, ಆರ್ ಆದ ಮೇಲೆ ಇ, ಐ, ಎ-ಐ, ಎ-ವೈ ಎಂದು ನಾಲ್ಕು ದಾರಿ. ನಾನು ಬಲ್ಲ ಒಬ್ಬ ವಿದ್ಯಾರ್ಥಿಯ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ವಿದ್ಯಾರ್ಥಿವೇತನದ ಅರ್ಜಿ ತಿರುಗಿ ಬಂತು. ಆಟೋ ಓಡಿಸುವ ತಂದೆ ದುಡಿಮೆ ಬಿಟ್ಟು ದಿನಗಟ್ಟಲೆ ಓಡಾಡಿದರು. ಆ ಹುಡುಗ ಓದಿನಲ್ಲಿ ಹಿಂದೆ ಇರಲಿಲ್ಲ. ಅವನನ್ನು ಹಿಂದೆ ತಳ್ಳಿದ್ದು ಒಂದು ಕಾಗುಣಿತ.

ಆದ್ದರಿಂದ ತಾಯಿ ತಂದೆಯರಲ್ಲಿ ನನ್ನ ಮನವಿ ಇದು. ಮಗು ಹುಟ್ಟಿದಾಗ ಹೆಸರಿಲ್ಲದ ಜನನ ಪ್ರಮಾಣ ಪತ್ರ ತಂದು ಪೆಟ್ಟಿಗೆಯಲ್ಲಿಟ್ಟು ಮರೆಯಬೇಡಿ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. 2023ರ ತಿದ್ದುಪಡಿಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಯ ದಾಖಲಾತಿಯಿಂದ ಸರ್ಕಾರಿ ನೌಕರಿಯವರೆಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣ ಪತ್ರವೇ ಆಧಾರ. ಹೆಸರನ್ನು ಮೊದಲು ಉರ್ದು ಬಲ್ಲವರ ಹತ್ತಿರ ಸರಿಯಾಗಿ ಬರೆಸಿ, ಅದರ ಪಕ್ಕದಲ್ಲೇ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಒಂದೊಂದೇ ರೂಪ ಬರೆದಿಟ್ಟುಕೊಳ್ಳಿ. ಆ ಚೀಟಿಯಲ್ಲಿದ್ದಂತೆಯೇ ಎಲ್ಲ ಕಡೆ ಬರೆಸಿ. ನನ್ನನ್ನು ಕೇಳಿದರೆ ಕನ್ನಡದಲ್ಲಿ ರೈಹಾನ್ ಎಂದೇ ಬರೆಯುವುದು ಮೂಲಕ್ಕೆ ಹತ್ತಿರ. ಆದರೆ ಈಗಾಗಲೇ ಎಲ್ಲ ದಾಖಲೆಗಳಲ್ಲಿ ರೆಹಾನ್ ಎಂದಿದ್ದರೆ ಅದನ್ನು ಕೆದಕಬೇಡಿ. ದಾಖಲೆಗೆ ಬೇಕಾದದ್ದು ಒಂದೇ ರೂಪ.

ಹತ್ತನೇ ತರಗತಿಯ ಮಕ್ಕಳೇ, ಪರೀಕ್ಷೆಗೆ ಮೊದಲು ಶಾಲೆಯಲ್ಲಿ ನಾಮಿನಲ್ ರೋಲ್ ತೋರಿಸುತ್ತಾರೆ. ಅವಸರದಲ್ಲಿ ಸಹಿ ಮಾಡಬೇಡಿ. ನಿಮ್ಮ ಹೆಸರು, ತಂದೆಯ ಹೆಸರು, ತಾಯಿಯ ಹೆಸರು ಅಕ್ಷರ ಅಕ್ಷರವಾಗಿ ಓದಿ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ಕಷ್ಟದ ಕೆಲಸ.

ಇವತ್ತು ಮನೆಗೆ ಹೋದ ಮೇಲೆ ಪ್ರತಿಯೊಬ್ಬರೂ ಒಂದು ಕೆಲಸ ಮಾಡಿ. ನಿಮ್ಮ ಹೆಸರಿನ ಅರ್ಥ ಏನು, ಅದನ್ನು ಇಟ್ಟವರು ಯಾರು, ಯಾಕೆ ಇಟ್ಟರು ಎಂದು ನಾನಿ, ದಾದಿಯರನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅವರು ಇರುವಾಗಲೇ ಕೇಳಿ. ರೈಹಾನ್ ಎಂಬ ಹುಡುಗರು ಅದರ ಜೊತೆಗೆ ಒಂದು ಚಮಚ ಸಬ್ಜಾ ಬೀಜವನ್ನು ಹಿತ್ತಲಿನ ಮಣ್ಣಿಗೆ ಹಾಕಿ ನೀರು ಹಾಕಿ. ಗಿಡ ಬಂದ ಮೇಲೆ ಒಂದು ಎಲೆ ಉಜ್ಜಿ ಮೂಸಿ ನೋಡಿ. ಯಾರಾದರೂ ಅರ್ಥ ಕೇಳಿದರೆ ಅದನ್ನೇ ಅವರ ಕೈಗೆ ಕೊಡಿ.